ನೂರು ಸಿಸಿಯ ಲಡಾಖ್

ಜಯನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ ಬ್ಯಾಂಕಿನ ಕೆಲಸಕ್ಕೆ ಹೋಗುತ್ತಿದ್ದುದೂ ರಜೆಯಲ್ಲಿ ದೂರದೂರಿಗೆ ಹೊರಡುತ್ತಿದ್ದುದೂ ಒಂದೇ ನೂರು ಸಿಸಿ ಬೈಕಿನಲ್ಲಿ. ಕಿಕ್ ಹೊಡೆಯುವ ಮೊದಲು ಪೆಟ್ರೋಲ್ ಟ್ಯಾಂಕನ್ನು ಮೆಲ್ಲಗೆ ತಟ್ಟಿ, "ಹೋಗೋಣ್ವಾ?" ಎಂದು ಅದನ್ನೇ ಕೇಳುತ್ತಿದ್ದರು. ದೊಡ್ಡ ಬೈಕುಗಳು ಹಿಂದಿಕ್ಕಿದರೆ, "ಹೋಗ್ಲಿ ಬಿಡು. ನಾವು ನಿಧಾನ, ಆದ್ರೆ ನಿಲ್ಲಲ್ಲ" ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡು ಲಡಾಖಿಗೆ ಹೊರಟರು. ಅಲ್ಲಿನ ಬೆಟ್ಟದ ಕೊನೆಯ ಏರಿನಲ್ಲಿ ಎಂಜಿನ್ ಸೋತಿತು. ನಾನು ಇಳಿದರೂ ಬೈಕ್ ಮೇಲೇರಲಿಲ್ಲ. ಹಿಂದೆ ಬಂದ ಲಾರಿಯವರು ಗಾಡಿಯನ್ನು ಹತ್ತಿಸಿಕೊಳ್ಳುತ್ತೇವೆ ಎಂದರು. ಆಂಟಿ ಕೈಮುಗಿದು ಬೇಡವೆಂದರು. ತಾವೂ ಇಳಿದು, ಫಸ್ಟ್ ಗೇರಿನಲ್ಲಿ ಆಕ್ಸಿಲರೇಟರ್ ಕೊಡುತ್ತಾ ಬೈಕಿನ ಪಕ್ಕದಲ್ಲೇ ನಡೆದರು. ಹಿಂದಿನಿಂದ ತಳ್ಳುತ್ತಿದ್ದ ನನಗೆ ಉಸಿರೇ ಸಿಗುತ್ತಿರಲಿಲ್ಲ.

"ಆಗ್ತಿಲ್ಲ ಆಂಟಿ."

"ನಿಧಾನಕ್ಕೆ ಬಾ. ನಿಲ್ಬೇಡ."

ತುದಿ ಮುಟ್ಟಿದಾಗ, ಅಲ್ಲಿ ಮೊದಲೇ ತಲುಪಿದ್ದ ದೊಡ್ಡ ಬೈಕುಗಳವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಫೋಟೋ ತೆಗೆಯಲು ಮೊಬೈಲ್ ಹಿಡಿದೆ.

"ಇರು ಕಣೇ" ಎಂದ ಆಂಟಿ, ಬಗ್ಗಿ, ನಂಬರ್ ಪ್ಲೇಟಿಗೆ ಮೆತ್ತಿದ್ದ ಕೆಸರನ್ನು ಜಾಕೆಟ್ಟಿನ ತೋಳಿನಿಂದ ಒರೆಸಿದರು. "ಕೆಎ ಜೀರೋ ಫೈವ್ ಚೆನ್ನಾಗಿ ಕಾಣ್ಲಿ. ಜಯನಗರದೋರು ಬಂದಿದ್ರು ಅಂತ ಗೊತ್ತಾಗ್ಬೇಕು."