ತಾನಾಗಿ ಹತ್ತುವ ದೀಪ

ಎರಡು ತಿಂಗಳು ನಾನು ಸ್ವಂತ ಅಪ್ಪನ ಮೇಲೆಯೇ ಗುಮಾನಿ ಪಟ್ಟೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆಗ ಡಿಪ್ಲೊಮಾ ಮುಗಿಸಿ ಜಮಖಂಡಿಯಲ್ಲಿ ಒಬ್ಬ ಎಂಜಿನಿಯರರ ಹತ್ತಿರ ಮನೆಗಳ ನಕ್ಷೆ ತೆಗೆಯುತ್ತಿದ್ದೆ. ಬನಹಟ್ಟಿಯಿಂದ ದಿನಾ ಬಸ್ಸು. ಕಡಿಮೆ ಕರೆಂಟಿನಲ್ಲಿ ತಂಪಾಗಿರುವ ಮನೆ ಕಟ್ಟುವ ಹುಚ್ಚು ತಲೆಗೇರಿತ್ತು. ಮೊದಲ ಪ್ರಯೋಗ ನಮ್ಮ ಹಿತ್ತಲಲ್ಲೇ: ಅಪ್ಪನಿಗೊಂದು ಹೊಸ ಮಗ್ಗದ ಮನೆ. ಪಶ್ಚಿಮಕ್ಕೆ ದಪ್ಪ ಕಲ್ಲಿನ ಗೋಡೆ, ಉತ್ತರಕ್ಕೆ ಕಿಟಕಿ, ಮಾಳಿಗೆಗೆ ಬಿಳಿ ಸುಣ್ಣ. ನಮ್ಮದು ಕುಣಿ ಮಗ್ಗ; ನೆಲದ ಮಟ್ಟದಲ್ಲಿ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ನೇಯಬೇಕು. ಎಲ್ಲಕ್ಕಿಂತ ನನಗೆ ಹೆಮ್ಮೆ ದೀಪದ್ದು. ಮನುಷ್ಯರು ಅಲುಗಾಡಿದ್ದನ್ನು ಗುರುತಿಸಿ ತಾನೇ ಹತ್ತುವ, ಕೋಣೆ ಖಾಲಿಯಾದರೆ ತಾನೇ ಆರುವ ದೀಪ. ಅದರ ಸೆನ್ಸರನ್ನು ಬಾಗಿಲ ಮೇಲೆ ಕೂರಿಸಿದ್ದೆ.

ಅಪ್ಪ ಅದನ್ನು ಓರೆಗಣ್ಣಿನಲ್ಲಿ ನೋಡಿದ. "ನಾ ಕೆಲಸ ಮಾಡೂಮುಂದ ಆರಿದ್ರ?"

"ನೀ ಒಳಗ ಇರೂತನಕ ಆರೂದಿಲ್ಲಪ್ಪಾ. ನಾ ಹೇಳ್ತೇನಲ್ಲ."

ಬೇಸಿಗೆ ಬಂತು. ನಮ್ಮ ಕಡೆ ಮಧ್ಯಾಹ್ನದ ಒಣಗಾಳಿ ತಾಗಿದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಪಟಪಟ ಹರಿಯುತ್ತವೆ. ಹಾಗಾಗಿ ಕಿಟಕಿ ಮುಚ್ಚುವಂತೆ ಹಸಿ ಗೋಣಿಚೀಲ ಇಳಿಬಿಟ್ಟು, ದೀಪದ ಬೆಳಕಿನಲ್ಲಿ ನೇಯುವುದು ರೂಢಿ. ಅದೇ ಹೊತ್ತಿಗೆ ಅಪ್ಪನ ಚಾಳಿ ಬದಲಾಯಿತು. ಮಧ್ಯಾಹ್ನ ಮಗ್ಗ ಬಿಟ್ಟು ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದ. ಊರಲ್ಲೇ ಸೀರೆಯಂಚಿನ ನಾಜೂಕು ದಡಿಗೆ ಹೆಸರಾದವನು ಬರೀ ಸಾದಾ ಸೀರೆ ಹಿಡಿದ. ಅದರಲ್ಲೂ ಅಲ್ಲಲ್ಲಿ ಎಳೆ ತಪ್ಪಿರುತ್ತಿತ್ತು. ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ.

ನನಗೆ ವಾಸನೆ ಹತ್ತಿತು. ಮಗಳು ಕಟ್ಟಿದ ಕೋಣೆ ಕೆಲಸಕ್ಕೆ ಬಾರದ್ದು ಎಂದು ತೋರಿಸಲು ಈ ಮುದುಕ ಬೇಕಂತಲೇ ಕೆಡಿಸುತ್ತಿದ್ದಾನೆ! ಕಟ್ಟೆಯ ಮೇಲೆ ನನ್ನನ್ನೇ ಆಡಿಕೊಂಡು ನಗುತ್ತಿರಬೇಕು. ಅವನು ಸ್ನಾನಕ್ಕೆ ಹೋದಾಗ ವೈರು ಎಳೆದು ನೋಡಿದೆ, ಸೆನ್ಸರಿಗೆ ಏನಾದರೂ ಮೆತ್ತಿದ್ದಾನೋ ಎಂದು ಸ್ಟೂಲು ಹತ್ತಿ ಒರೆಸಿದೆ. ನಾನು ಕಾಲಿಟ್ಟಾಗಲೆಲ್ಲ ದೀಪ ಝಗ್ ಎಂದು ಹತ್ತುತ್ತಿತ್ತು. ತಪ್ಪು ನನ್ನದಲ್ಲ ಎಂಬುದಕ್ಕೆ ಇನ್ನೇನು ಬೇಕು?

ಒಂದು ದಿನ ಸಾಕ್ಷಿ ಸಮೇತ ಹಿಡಿಯಲೆಂದೇ ಮಧ್ಯಾಹ್ನ ರಜೆ ಹಾಕಿ ಬಂದೆ. ಒಳಗೆ ಹೋಗದೆ ಉತ್ತರದ ಕಿಟಕಿಯ ಗೋಣಿಚೀಲ ತುಸು ಸರಿಸಿ ಇಣುಕಿದೆ.

ಅಪ್ಪ ನೇಯುತ್ತಿದ್ದ. ನಾಲ್ಕೈದು ಎಳೆ ಹರಿದವು. ಲಾಳಿ ಬದಿಗಿಟ್ಟು, ಹಾಸಿನ ಮೇಲೆ ಬಾಗಿ ಎಳೆ ಕೂಡಿಸತೊಡಗಿದ. ಮಗ್ಗದ ಚೌಕಟ್ಟಿನ ಮರೆಯಲ್ಲಿ ಬೆರಳ ತುದಿ ಬಿಟ್ಟರೆ ಮೈಯಲ್ಲಿ ಅಲುಗಾಟವೇ ಇಲ್ಲ. ದೀಪ ಆರಿತು.

ಅವನು ಬೈಯಲಿಲ್ಲ. ದೀಪದ ಕಡೆ ಕತ್ತೆತ್ತಲೂ ಇಲ್ಲ. ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಧೋತರದ ಚುಂಗಿನಿಂದ ಒರೆಸಿಕೊಂಡು, ಆ ಕತ್ತಲಲ್ಲೇ ಬೆರಳಿನಿಂದ ಎಳೆ ತಡವರಿಸಿದ.

ಓಡಿಹೋಗಿ ಬಾಗಿಲು ತೆರೆದೆ. ದೀಪ ಹತ್ತಿತು. ಅಪ್ಪ ನನ್ನ ಮುಖವನ್ನೇ ದಿಟ್ಟಿಸಿದ.

"ನೋಡಿದ್ಯಾ? ಅವ್ವನ ಮುಂದ ಹೇಳಬ್ಯಾಡ, ಯವ್ವಾ," ಎಂದ. "ಕಣ್ಣ ಹೋಗಾಕತ್ತಾವ. ಎಳಿ ಕೂಡಸೂಮುಂದ ಒಮ್ಮೆಲೆ ಕತ್ತಲಿ ಬರತೈತಿ, ಎದ್ದರ ಹೋಗತೈತಿ. ಗೊತ್ತಾದ್ರ ಮಗ್ಗ ಬಿಡಸ್ತೀರಿ."

"ಅಪ್ಪಾ, ಅದು ದೀಪ ಆರೂದು! ನೀ ಅಲುಗಾಡದಿದ್ರ ಅದಕ್ಕ ನೀ ಕಾಣೂದಿಲ್ಲ."

"ಆರೂದಿಲ್ಲಂತ ನೀನ ಹೇಳಿದ್ದಿಯಲ್ಲ."

ನಾನು ಅವನನ್ನು ನಂಬಿರಲಿಲ್ಲ. ಅವನು ನನ್ನ ಮಾತು ನಂಬಿ ತನ್ನ ಕಣ್ಣಿನ ಮೇಲೆಯೇ ಸಂಶಯಪಟ್ಟಿದ್ದ. ಈಗ ನಿಜ ಹೇಳಿದರೆ ಸಮಾಧಾನಕ್ಕೆ ಹೇಳುತ್ತಿದ್ದೇನೆಂದು ತಲೆಯಾಡಿಸುತ್ತಾನೆ.

ಚಪ್ಪಲಿ ಬಿಟ್ಟು, ಕುಣಿಯಲ್ಲಿ ಕಾಲಿಳಿಸಿ ಅವನ ಪಕ್ಕ ಒತ್ತಿಕೊಂಡು ಕೂತೆ. "ಅಲುಗಾಡಬ್ಯಾಡ," ಎಂದೆ. ಇಬ್ಬರೂ ಉಸಿರು ಬಿಗಿಹಿಡಿದು ಹಾಸಿನ ಮೇಲೆ ಬಾಗಿದೆವು. ತುಸು ಹೊತ್ತಿಗೆ ಕೋಣೆ ಕತ್ತಲಾಯಿತು.

ಅಪ್ಪ ನನ್ನ ಮುಂಗೈ ಗಟ್ಟಿಯಾಗಿ ಹಿಡಿದ.

"ನಿನಗೂ ಕತ್ತಲಾತೇನ, ಯವ್ವಾ?"

"ನನಗೂ ಕತ್ತಲಾತಪ್ಪಾ."