ಇಂಗ್ಗಿ ಅಂದ ಊರು

ಪಾರ್ಸಿನಿ ಬೆಲ್ಲ ಕಾಯಿಸುವವಳು. ನಮ್ಮ ಊರು ಕಾಲಿಜರಾಕಿನಲ್ಲಿ ಬೆಲ್ಲ ಕಾಯಿಸದ ಹೆಂಗಸು ಯಾರಿದ್ದಾರೆ ಹೇಳಿ. ಗಂಡಸರು ಬೆಳಗ್ಗೆ ಸಂಜೆ ತೆಂಗಿನ ಮರ ಹತ್ತಿ ನೀರಾ ಇಳಿಸುತ್ತಾರೆ, ನಾವು ಕೆಳಗೆ ಒಲೆ ಊದುತ್ತೇವೆ. ಆದರೂ ಊರವರು ಅವಳನ್ನು ಸಿನಿಮಾ ಪಾರ್ಸಿನಿ ಎಂದೇ ಕರೆಯುತ್ತಿದ್ದರು. ಅವಳ ಅತ್ತೆ ಬದುಕಿದ್ದಷ್ಟು ದಿನ ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂದು ಗೊಣಗಿದವಳು. ಪಾರ್ಸಿನಿ ಅದನ್ನು ಬಿರುದಿನ ಹಾಗೆ ತೊಟ್ಟುಕೊಂಡು ತಿರುಗಿದಳು. ಪಕ್ಕದ ಮನೆಯವಳಾದ ನನ್ನ ಒಲೆಯಿಂದ ಕೆಂಡ ಒಯ್ದರೆ ವಾಪಸು ತಂದವಳಲ್ಲ, ಆದರೆ ನನ್ನ ಹೆರಿಗೆಯಲ್ಲಿ ರಾತ್ರಿಯಿಡೀ ಕೈ ಹಿಡಿದು ಕೂತವಳೂ ಅವಳೇ.

ಅವಳ ಸಿನಿಮಾಗಳಲ್ಲಿ ಹಾಡೂ ಇಲ್ಲ, ಹೊಡೆದಾಟವೂ ಇಲ್ಲ. ಸಾಕ್ಷ್ಯಚಿತ್ರ ಅನ್ನುತ್ತಾರೆ ಅಂಥವಕ್ಕೆ. ತಿಂಗಳಿಗೊಮ್ಮೆ ಪಟ್ಟಣದ ವಿದ್ಯಾರ್ಥಿಗಳು ಬೈಕಿನಲ್ಲಿ ಪ್ರೊಜೆಕ್ಟರ್ ತರುತ್ತಿದ್ದರು. ಇವಳು ಎರಡು ಬಿಳಿ ಹೊದಿಕೆ ಸೇರಿಸಿ ಹೊಲಿದು, ಬ್ಯಾಡ್ಮಿಂಟನ್ ಅಂಗಳದ ಕಂಬಗಳಿಗೆ ಕಟ್ಟುತ್ತಿದ್ದಳು. ಮರಗೆಣಸಿನ ಸಂಡಿಗೆ, ಸಿಹಿ ಚಹಾ ಅವಳ ಲೆಕ್ಕ. ಮೊದಲ ಸಲ ತೋರಿಸಿದ್ದು ಕಲ್ಲುಗಣಿ ಬಂದ ಊರೊಂದರ ಚಿತ್ರ. ಅದರಲ್ಲಿ ಬೂದು ಬಣ್ಣದ ಕೋಳಿಗಳು ಬೂದು ಅಂಗಳದಲ್ಲಿ ಕೆದಕುತ್ತಿದ್ದವು, ಜನ ನಕ್ಕರು. ಪಾರ್ಸಿನಿ ನಗಲಿಲ್ಲ. ಅವು ಬಿಳಿ ಕೋಳಿಗಳು ಕಣ್ರೋ, ಮೇಲೆ ಕೂತಿರುವುದು ಧೂಳು ಎಂದಳು. ನಮ್ಮ ಬೆನ್ನಿಗೂ ಒಂದು ಗುಡ್ಡವಿದೆ. ನಮ್ಮ ತೆಂಗು, ನೆಲದಿಂದ ಉಕ್ಕುವ ನಮ್ಮ ಊಟೆ ನೀರು, ನಮ್ಮ ಗೋರಿಗಳು ಎಲ್ಲ ಅದರ ಮೇಲೇ ಇವೆ. ಅದರೊಳಗೆ ಒಳ್ಳೆಯ ಕಲ್ಲಿದೆ ಎಂದು ಯಾರೋ ಆಗಲೇ ಕಂಡುಕೊಂಡಿದ್ದರು.

ಇಲ್ಲಿ ನಮ್ಮ ಒಂದು ಪದದ ಬಗ್ಗೆ ಹೇಳಲೇಬೇಕು. ಹಿರಿಯರು, ಅಧಿಕಾರಿಗಳು ಏನು ಹೇಳಿದರೂ ನಾವು ‘ಇಂಗ್ಗಿ’ ಅನ್ನುತ್ತೇವೆ. ಹೌದು ಎಂದೇ ಅದರ ಅರ್ಥ. ಆದರೆ ಕತೆ ಕೇಳುವ ಮಗು ಹೂಂಗುಟ್ಟುತ್ತದಲ್ಲ, ಹಾಗೆ. ಕೇಳುತ್ತಿದ್ದೇನೆ, ಮುಂದೆ ಹೇಳಿ, ತಾವು ದೊಡ್ಡವರು, ಅಷ್ಟೆ. ಇಲ್ಲ ಅನ್ನಲು ‘ಬೋತೆನ್’ ಎಂಬ ಮಾತಿದೆ. ದೊಡ್ಡವರ ಮುಂದೆ ಅದು ಗಂಟಲಿನಿಂದ ಮೇಲೆ ಬರುವುದಿಲ್ಲ. ಇಂಗ್ಗಿ ಇಂಗ್ಗಿ ಅಂದವನು ಆಮೇಲೆ ಕೈಗೆ ಸಿಗುವುದಿಲ್ಲ ಎಂಬ ಗಾದೆ ಮಾಡಿಕೊಂಡು ನಮ್ಮನ್ನು ನಾವೇ ಗೇಲಿ ಮಾಡಿಕೊಂಡವರು ನಾವು. ಆ ಗೇಲಿ ಅರ್ಥವಾಗದವರೂ ಇದ್ದಾರೆ, ಅರ್ಥವಾಗಿಯೂ ಆಗದ ಹಾಗೆ ಇರುವವರೂ ಇದ್ದಾರೆ.

ಆ ವರ್ಷ ಮಳೆ ನಿಂತ ಮೇಲೆ ಗುಡ್ಡದಲ್ಲಿ ಕೆಂಪು ಬಣ್ಣ ಬಳಿದ ಬಿದಿರ ಗೂಟಗಳು ಎದ್ದವು. ಯಾರು ನೆಟ್ಟರೆಂದು ಕಂಡವರಿಲ್ಲ. ಪಾರ್ಸಿನಿಯ ಗಂಡ ದಾರ್ಸುನ್ ಒಂದು ಬೆಳಗ್ಗೆ ಮರದ ತುದಿಯಲ್ಲಿ ಹೊಂಬಾಳೆ ಕೊಯ್ಯುತ್ತಿದ್ದಾಗ ಡ್ರೋನ್ ಒಂದು ಬಂದು ಅವನ ಮುಖದ ಮುಂದೆಯೇ ನಿಂತಿತಂತೆ. ಹತ್ತು ಊರಿನ ಮರ ಹತ್ತಿದವನು ಅವನು. ಅವತ್ತು ಅರ್ಧ ಕೊಯ್ದ ಹೊಂಬಾಳೆ ಬಿಟ್ಟು ಕೆಳಗಿಳಿದ. ಕಾಫಿ ಅಂಗಡಿಯಲ್ಲಿ ಪರಊರಿನ ಇಬ್ಬರು ದಿನವೂ ಕೂರತೊಡಗಿದರು. ಯಾರನ್ನೂ ಏನೂ ಕೇಳುತ್ತಿರಲಿಲ್ಲ, ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಪಾರ್ಸಿನಿ ಪರದೆ ಕಟ್ಟಿದ ದಿನವೇ ಕರೆಂಟು ಹೋಗುತ್ತಿತ್ತು.

ಆಗ ಬಂದವನು ಆದ್ರಿಯಾನ್. ಹೆಗಲಲ್ಲಿ ಕ್ಯಾಮೆರಾ, ಕಾಲಲ್ಲಿ ಹರಿದ ಚಪ್ಪಲಿ, ಬಾಯಲ್ಲಿ ಬೆಣ್ಣೆಯಂಥ ಮಾತು. ಕಾಲಿಜರಾಕಿನದೇ ಒಂದು ಚಿತ್ರ ಮಾಡುತ್ತೇನೆ, ಲೋಕಕ್ಕೆಲ್ಲ ತೋರಿಸುತ್ತೇನೆ ಎಂದ. ಕ್ಯಾಮೆರಾ ಹಿಡಿದವರೆಲ್ಲ ತನ್ನವರು ಎಂದುಕೊಂಡಿದ್ದಳು ಪಾರ್ಸಿನಿ. ಅವಳ ಮನೆಯಲ್ಲೇ ಉಂಡ, ಅವಳ ಮನೆಯಲ್ಲೇ ಮಲಗಿದ, ಅವಳ ಮಾವ ಸಂತಿಕ್ರಮ ಅಜ್ಜನ ಬೆನ್ನಿಗೆ ಎಣ್ಣೆಯನ್ನೂ ಉಜ್ಜಿದ. ಅವಳೇ ಮನೆಮನೆಗೂ ಕರೆದುಕೊಂಡು ಹೋಗಿ ಹಿರಿಯರನ್ನು ಮಾತಾಡಿಸಿದಳು. ಅವರು ಕ್ಯಾಮೆರಾದ ಮುಂದೆ ಒಗೆದ ಬಟ್ಟೆ ಉಟ್ಟು, ಮಂಡಿ ಮಡಚಿ ಕೂತು, ಅವನ ಪ್ರತಿ ಮಾತಿಗೂ ಇಂಗ್ಗಿ ಅಂದರು. ನನಗೆ ಅವನ ಮೇಲೆ ಅನುಮಾನ ಬಂದಿತ್ತೆಂದು ಈಗ ಹೇಳಿದರೆ ಸುಳ್ಳಾಗುತ್ತದೆ. ನಾನೂ ಅವನಿಗೆ ಬೆಲ್ಲ ಕಟ್ಟಿಕೊಟ್ಟೆ.

ಅವನ ಚಿತ್ರವನ್ನು ತೋರಿಸಿದ್ದು ಸರ್ಕಾರಿ ಸಭಾಂಗಣದಲ್ಲಿ. ನಮ್ಮನ್ನು ಲಾರಿಯಲ್ಲಿ ಕರೆದೊಯ್ದು, ಅನ್ನದ ಪೊಟ್ಟಣ ಕೈಗಿಟ್ಟು ಕೂರಿಸಿದರು. ತಮ್ಮ ಮುಖ ಗೋಡೆಯಷ್ಟು ದೊಡ್ಡದಾಗಿ ಕಂಡಾಗ ಮುದುಕರು ಮಕ್ಕಳ ಹಾಗೆ ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ಆಮೇಲೆ ಯಾವುದೋ ಹೆಣ್ಣುದನಿ ಕೇಳಿತು: ನಾಡಿನ ಏಳಿಗೆಗಾಗಿ ಗುಡ್ಡ ಬಿಟ್ಟುಕೊಡಲು ಊರಿನ ಹಿರಿಯರು ಒಪ್ಪಿದ್ದಾರೆಯೇ? ಸಂತಿಕ್ರಮ ಅಜ್ಜ ಪರದೆಯ ಮೇಲೆ ತಲೆಬಾಗಿ, ಕಣ್ಣು ಒರೆಸಿಕೊಂಡು, ‘ಇಂಗ್ಗಿ’ ಅಂದ. ಅವನ ನಂತರ ಇನ್ನೊಬ್ಬಳು. ಆಮೇಲೆ ಮತ್ತೊಬ್ಬ. ಹೀಗೇ ಹದಿನಾಲ್ಕು ಮಂದಿ. ಮುಂದಿನ ಸಾಲಿನ ಸಾಹೇಬರು ಚಪ್ಪಾಳೆ ತಟ್ಟಿದರು.

ಊರು ಎರಡಾಯಿತು. ಚಿತ್ರದಲ್ಲಿ ಇಲ್ಲದವರು ಇದ್ದವರ ಮುಖ ನೋಡುವುದನ್ನು ಬಿಟ್ಟರು. ಗುಡ್ಡಕ್ಕೆ ಎಷ್ಟು ಸಿಕ್ಕಿತು ಅಜ್ಜ ಎಂದು ಯಾರೋ ದಾರಿಯಲ್ಲಿ ಕೇಳಿದರಂತೆ, ಸಂತಿಕ್ರಮ ಅಂದಿನಿಂದ ಹೊಸ್ತಿಲು ದಾಟಲಿಲ್ಲ. ಮನೆಗೆ ಹಾವು ತಂದು ಹಾಲೆರೆದವಳು ಎಂದು ಪಾರ್ಸಿನಿಗೆ ಬೈದವರಲ್ಲಿ ಅವಳ ಗಂಡನೂ ಒಬ್ಬ. ಒಂದು ದಿನ ಅವಳ ಒಲೆಯ ಕಡೆ ಹೋದೆ. ನೀರಾ ಉಕ್ಕಿ ಒಲೆಗೆ ಚೆಲ್ಲುತ್ತಿದ್ದರೂ ಸುಮ್ಮನೆ ನೋಡುತ್ತ ಕೂತಿದ್ದಳು, ನಾನೇ ಓಡಿಹೋಗಿ ಬೆಂಕಿ ಎಳೆದೆ. ಆಗ ಹೇಳಿದಳು: “ಸುವಾರ್ತಿ, ಆ ಸಿನಿಮಾನ ನಮ್ಮ ಅಂಗಳದಲ್ಲೇ ಹಾಕ್ತೀನಿ. ಒಂದೊಂದು ಇಂಗ್ಗಿಗೂ ನಿಲ್ಲಿಸ್ತೀನಿ. ಅವನು ಕೇಳಿದ್ದೇನು ಅಂತ ಅವರವರ ಬಾಯಲ್ಲೇ ಬರ್ಲಿ.”

ಸೋಮವಾರ ಒಪ್ಪಿಗೆಯನ್ನು ಗಟ್ಟಿ ಮಾಡಿಕೊಳ್ಳಲು ಅಧಿಕಾರಿಗಳು ಬರುವವರಿದ್ದರು. ಅವಳು ಶನಿವಾರ ಸಂಜೆ ಗೊತ್ತು ಮಾಡಿದಳು, ಚಿತ್ರದ ಪ್ರತಿಯನ್ನೂ ಪ್ರೊಜೆಕ್ಟರನ್ನೂ ಪಟ್ಟಣದ ವಿದ್ಯಾರ್ಥಿಗಳು ತರುವುದೆಂದಾಯಿತು. ಸುದ್ದಿ ಹಬ್ಬಿದ್ದೇ ತಡ, ನಮ್ಮ ಲೂರಾ, ಅಂದರೆ ಊರಿನ ಮುಖ್ಯಸ್ಥ, ನಾವಿಬ್ಬರೂ ಇದ್ದ ಅವಳ ಅಡುಗೆಮನೆಗೇ ಬಂದ. ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಬೆಲ್ಲದ ಬಣ್ಣ ಹೊಗಳಿ, ದಾರ್ಸುನ್ ಹತ್ತುವ ಮರಗಳು ತುಂಬ ಎತ್ತರ ಅಲ್ಲವೇ ಎಂದ. ಬಿದ್ದರೆ ಕಷ್ಟ, ಹುಷಾರಾಗಿರಲು ಹೇಳಮ್ಮ ಎಂದ. ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತ.

“ಶನಿವಾರದ್ದು ಬೇಡ ಅಲ್ವಾ, ಅಕ್ಕ?”

“ಇಂಗ್ಗಿ, ಲೂರಾ ಅಯ್ಯ,” ಎಂದಳು ಪಾರ್ಸಿನಿ, ತಲೆ ತಗ್ಗಿಸಿ.

ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಊರಿಗೆಲ್ಲ ಬುದ್ಧಿ ಹೇಳಿದವಳು, ಒಂದೇ ಮಾತಿಗೆ ಮಡಚಿಕೊಂಡಳಲ್ಲ ಎಂದು. ಲೂರಾನ ಬೈಕಿನ ಸದ್ದು ಮರೆಯಾದ ಮೇಲೆ ಅವಳು ಪಾಕವನ್ನು ತೆಂಗಿನ ಚಿಪ್ಪಿಗೆ ಹೊಯ್ಯುತ್ತ, “ಇಂಗ್ಗಿ ಅಂದೆ ಕಣೆ. ಹಾಕಲ್ಲ ಅಂದೆನಾ?” ಎಂದಳು. ನಾನು ನಕ್ಕೆ. ಪಾಕ ಚಿಪ್ಪಿನ ಹೊರಗೆ ಬೀಳುತ್ತಿದ್ದುದು ನನಗೆ ಆಮೇಲೆ ಕಂಡಿತು.

ಶನಿವಾರ ಕರೆಂಟು ಹೋಗಲಿಲ್ಲ. ಅದೇ ನನಗೆ ಮೊದಲು ಹೆದರಿಕೆ ತಂದಿದ್ದು. ನಮಾಜು ಮುಗಿಸಿ ಜನ ಬಂದರು, ನಾನು ಎಣಿಸಿದ್ದಕ್ಕಿಂತ ಹೆಚ್ಚೇ ಬಂದರು. ಕಾಫಿ ಅಂಗಡಿಯ ಇಬ್ಬರೂ ಬಂದರು. ಅವರ ಜೊತೆ ಕರಿ ಜಾಕೆಟ್ಟಿನ ಮೂರನೆಯವನೊಬ್ಬನಿದ್ದ. ಚಪ್ಪಲಿ ಬಿಟ್ಟು, ಹಿರಿಯರ ಮುಂದೆ ಸೊಂಟ ಬಾಗಿಸಿ ಕ್ಷಮೆ ಕೇಳುತ್ತ ನಡೆದು, ಮುಂದಿನ ಚಾಪೆಯಲ್ಲೇ ಕೂತ. ಕೊಟ್ಟ ಚಹಾವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಎಂಥ ಸಂಸ್ಕಾರವಂತ ಎಂದು ನನ್ನ ಪಕ್ಕದವಳು ಪಿಸುಗುಟ್ಟಿದಳು.

ಚಿತ್ರ ಶುರುವಾಯಿತು. ಸಂತಿಕ್ರಮ ಅಜ್ಜನ ಮುಖ ಬಂದು ಇಂಗ್ಗಿ ಅಂದಿದ್ದೇ ಪಾರ್ಸಿನಿ ನಿಲ್ಲಿಸಿದಳು. ಆ ದೊಡ್ಡ ಮುಖ ಬಟ್ಟೆಯ ಮೇಲೆ ಗಾಳಿಗೆ ಅಲ್ಲಾಡುತ್ತ ಉಳಿಯಿತು. ಹೊಸ್ತಿಲು ದಾಟದಿದ್ದ ಅಜ್ಜನನ್ನು ಅಂದು ದಾರ್ಸುನ್ನೇ ಕರೆತಂದಿದ್ದ, ಈಗ ಹೆಗಲು ಕೊಟ್ಟು ಎಬ್ಬಿಸಿದ.

“ಮಾವ, ಅವತ್ತು ಆ ಹುಡುಗ ನಿಮ್ಮನ್ನ ಏನು ಕೇಳ್ದ?”

ಅಜ್ಜ ಪರದೆಯ ಮೇಲಿನ ತನ್ನ ಮುಖದತ್ತ ಕೈ ತೋರಿಸಿದ. “ನಿಮ್ಮ ಹೆಂಡ್ತಿ ಗೋರಿ ಈ ಗುಡ್ಡದ ಮೇಲೇನಾ ಅಜ್ಜ, ಅಂತ ಕೇಳ್ದ. ಇಂಗ್ಗಿ ಅಂದೆ.”

ಗುಡ್ಡಕ್ಕೆ ಎಷ್ಟು ಸಿಕ್ಕಿತು ಎಂದು ಕೇಳಿದ್ದವನು ಎದ್ದು ಬಂದು ಅಜ್ಜನ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಊಟೆಯ ನೀರು ಸಿಹಿಯೇ ಎಂದು ಒಬ್ಬಳನ್ನು ಕೇಳಿದ್ದನಂತೆ, ಮೊಮ್ಮಗಳಿಗೆ ಮದುವೆಯಾಯಿತೇ ಎಂದು ಇನ್ನೊಬ್ಬನನ್ನು. ಜನ ಅಳುತ್ತಲೇ ನಗತೊಡಗಿದರು. ಊರು ಮತ್ತೆ ಒಂದಾಗುವುದನ್ನು ನಾನು ಕಣ್ಣಾರೆ ಕಂಡೆ. ಅಷ್ಟು ಸಂತೋಷವನ್ನು ಆ ಅಂಗಳದಲ್ಲಿ ನಾನು ಹಿಂದೆ ಕಂಡಿರಲಿಲ್ಲ.

ಕರಿ ಜಾಕೆಟ್ಟಿನವನು ಆಗ ಎದ್ದ. ಅವನ ಕೈಯಲ್ಲಿ ಫೋನಿತ್ತು, ಅದರ ದೀಪ ನಮ್ಮ ಮುಖಗಳ ಮೇಲಿತ್ತು. ಹೊಡೆಯುತ್ತಾನೆ, ಪರದೆ ಹರಿಯುತ್ತಾನೆ ಎಂದು ಗಂಡಸರು ಸೆಟೆದುಕೊಂಡರು. ಅವನು ನಮ್ಮ ಮುತ್ತಜ್ಜಂದಿರು ಆಡುತ್ತಿದ್ದಂಥ ಅಚ್ಚ ಮರ್ಯಾದೆಯ ಭಾಷೆಯಲ್ಲಿ, ಹಿರಿಯರಿಗೆ ಆದ ಅವಮಾನಕ್ಕೆ ತನಗೂ ನೋವಾಯಿತು ಎಂದ. ಎಲ್ಲರೂ ಇಂಗ್ಗಿ ಅಂದರು. ಈ ಗುಡ್ಡ ತಮ್ಮ ತಾಯಿಯಿದ್ದ ಹಾಗೆ ಎಂದ. ಇಂಗ್ಗಿ ಅಂದರು. ಆಮೇಲೆ ಇನ್ನಷ್ಟು ಬಾಗಿ ಕೇಳಿದ.

“ಹಾಗಾದ್ರೆ ತಮ್ಮನ್ನೆಲ್ಲ ಇಲ್ಲಿ ಸೇರ್ಸಿದ್ದು, ಕೆಲಸಕ್ಕೆ ಅಡ್ಡ ನಿಲ್ಲೋಕೆ ಧೈರ್ಯ ತುಂಬಿದ್ದು, ಈ ಪಾರ್ಸಿನಿ ಅಮ್ಮನೇ ಅಲ್ವೇ?”

“ಇಂಗ್ಗಿ,” ಅಂದಿತು ಇಡೀ ಅಂಗಳ. ಹೂಂಗುಟ್ಟಿದ್ದಲ್ಲ ಅದು. ಹೆಮ್ಮೆಯಿಂದ, ಪ್ರೀತಿಯಿಂದ, ಕೊರಳು ತುಂಬಿ ಅಂದಿದ್ದು. ಅವನು ಧನ್ಯವಾದ ಹೇಳಿ ದೀಪ ಆರಿಸಿದ. ಪಾರ್ಸಿನಿಯ ಮುಖ ನೋಡಿದೆ. ಅವಳಿಗೊಬ್ಬಳಿಗೆ ಅರ್ಥವಾಗಿತ್ತು.

ಭಾನುವಾರ ಬೆಳಗ್ಗೆ ಪೊಲೀಸರು ಅವಳನ್ನು ಒಲೆಯ ಮುಂದಿನಿಂದಲೇ ಕರೆದೊಯ್ದರು. ನಾಲ್ಕು ಜೀಪು ಬಂದಿದ್ದವು ಒಬ್ಬ ಬೆಲ್ಲದವಳಿಗೆ. ಅನುಮತಿಯಿಲ್ಲದೆ ಜನ ಸೇರಿಸಿದ್ದು, ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಲು ಕುಮ್ಮಕ್ಕು ಕೊಟ್ಟಿದ್ದು, ಇವು ಆರೋಪ. ಸೋಮವಾರ ಅಧಿಕಾರಿಗಳ ಮುಂದೆ ನಾವು ಬೋತೆನ್ ಅಂದೆವು. ಸಂತಿಕ್ರಮ ಅಜ್ಜನೇ ಮೊದಲು ಅಂದ, ಎರಡು ಸಲ ಅಂದ. ಕೇಳಿಕೊಂಡು ಹೋದರು. ಗುಡ್ಡದ ಬುಡಕ್ಕೆ ಅಗೆಯುವ ಯಂತ್ರಗಳು ಆಗಲೇ ಬಂದು ನಿಂತಿದ್ದವು. ಇಂದಿಗೂ ಅಲ್ಲೇ ನಿಂತಿವೆ, ಯಾರೋ ದಿನವೂ ಬಂದು ಅವುಗಳ ಧೂಳು ಒರೆಸಿ ಹೋಗುತ್ತಾರೆ.

ಕೋರ್ಟಿನಲ್ಲಿ ನಮ್ಮನ್ನು ಹಿಂದಿನ ಬೆಂಚುಗಳಲ್ಲಿ ಕೂರಿಸಿದ್ದರು. ಸಾಕ್ಷ್ಯವೆಂದು ಆ ಫೋನಿನ ಚಿತ್ರವನ್ನು ಗೋಡೆಯ ಮೇಲೆ ಹಾಕಿದರು. ಎಲ್ಲೂ ಕತ್ತರಿ ಆಡಿಸಿರಲಿಲ್ಲ, ಬೇರೆಯವರ ದನಿ ಸೇರಿಸಿರಲಿಲ್ಲ. ಪ್ರಶ್ನೆ ಅವನದೇ, ಉತ್ತರ ನಮ್ಮದೇ. ಸಂತಿಕ್ರಮ ಅಜ್ಜ ಟೋಪಿ ತೆಗೆದು ಮುಖ ಮುಚ್ಚಿಕೊಂಡ.

ಈ ಜನ ಹೇಳುತ್ತಿರುವುದು ನಿಜವೇ ಎಂದು ನ್ಯಾಯಾಧೀಶರು ಪಾರ್ಸಿನಿಯನ್ನು ಕೇಳಿದರು. ಅವಳ ವಕೀಲ ಬಗ್ಗಿ ಪಿಸುಗುಟ್ಟಿದನಂತೆ: ಅವರು ತಾವಾಗಿಯೇ ಬಂದರು, ಯಾರೋ ಇನ್ನೊಬ್ಬರು ಕರೆದಿರಬೇಕು ಅಂದುಬಿಡು. ಅವಳು ಬೋತೆನ್ ಅಂದಿದ್ದರೆ ಆ ಇನ್ನೊಬ್ಬರು ಯಾರು ಎಂದು ಜೀಪುಗಳು ಮತ್ತೆ ನಮ್ಮ ಬಾಗಿಲಿಗೇ ಬರುತ್ತಿದ್ದವು. ಪಾರ್ಸಿನಿ ಕತ್ತು ತಿರುಗಿಸಿ ನಮ್ಮನ್ನು ಸಾಲಾಗಿ ನೋಡಿದಳು, ಊಟಕ್ಕೆ ಕೂರಿಸುವ ಮೊದಲು ಎಷ್ಟು ಮಂದಿ ಎಂದು ನೋಡುತ್ತಾರಲ್ಲ, ಹಾಗೆ.

ಆಮೇಲೆ ನ್ಯಾಯಾಧೀಶರ ಕಡೆಗೆ ತಿರುಗಿ, ತಲೆ ಎತ್ತಿಯೇ, “ಇಂಗ್ಗಿ” ಅಂದಳು.