ನನ್ನ ಫೋನಿಗೆ ಅವರು ಆರಿಸಿಕೊಟ್ಟಿದ್ದು

ಮದುವೆಯಾಗಿ ಹದಿನೆಂಟು ವರ್ಷಕ್ಕೆ ನನ್ನ ಗಂಡ ಮೊದಲ ಸಲ ಅಂಗಡಿಯಲ್ಲಿ ನಿಂತು ನನಗಾಗಿ ಏನನ್ನೋ ಆರಿಸಿದರು. ಧಾರೆ ಸೀರೆಯನ್ನು ಆರಿಸಿದ್ದು ಅತ್ತೆ. ಸ್ಕೂಟರ್ ಆರಿಸಿದ್ದು ನನ್ನ ಅಣ್ಣ. ಮಿಕ್ಸಿಯಿಂದ ಹಿಡಿದು ಮಂಚದವರೆಗೆ ಉಳಿದದ್ದನ್ನೆಲ್ಲ ನಾನೇ ಹೋಗಿ ನೋಡಿ ತಂದದ್ದು. ಹಾಗಾಗಿ ಹಳೇ ಫೋನು ಕೆಟ್ಟು ನಾನು ಹೊಸದು ಕೊಂಡ ವಾರ, "ಬರೀ ಫೋನ್ ತಗೊಂಡ್ರೆ ಆಯ್ತಾ? ಅದಕ್ಕೆ ಬೇಕಾಗಿದ್ದೆಲ್ಲ ಕೊಡಿಸ್ತೀನಿ ಬಾ" ಎಂದು ಅವರು ಕರೆದಾಗ ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ.

ನಾನು ಹೆಬ್ಬಾಳದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತೇನೆ. ಮನೆ ಯಲಹಂಕ ನ್ಯೂ ಟೌನಿನಲ್ಲಿ. ಆ ಶನಿವಾರ ಅವರು ಕೆಲಸ ಮುಗಿಯುವ ಹೊತ್ತಿಗೆ ಲ್ಯಾಬಿನ ಗೇಟಿಗೇ ಬಂದು ನನ್ನನ್ನು ಆರ್.ಟಿ. ನಗರಕ್ಕೆ ಕರೆದುಕೊಂಡು ಹೋದರು. ಮುಖ್ಯರಸ್ತೆಯಲ್ಲಿ, ಎರಡು ಬಟ್ಟೆ ಅಂಗಡಿಗಳ ನಡುವೆ ಸಿಕ್ಕಿಕೊಂಡಂತಿದ್ದ ಒಂದು ಮೊಬೈಲ್ ಅಂಗಡಿ. ಗೋಡೆಯ ತುಂಬ ಬ್ಯಾಕ್ ಕವರುಗಳು ನೇತಾಡುತ್ತಿದ್ದವು. ನಾನು ಮಲ್ಲಿಗೆ ಬಳ್ಳಿಯ ಚಿತ್ರವಿದ್ದ ಒಂದು ಕವರಿಗೆ ಕೈ ಹಾಕಿದೆ.

"ಅದು ನೋಡೋಕಷ್ಟೇ ಚೆಂದ" ಎಂದರು ಅವರು. ಅಂಗಡಿಯವರ ಕಡೆ ತಿರುಗಿ, "ಮೂಲೆ ದಪ್ಪ ಇರೋದ್ ಕೊಡಿ ಗುರು. ಬಿದ್ರೆ ಮೊದ್ಲು ಏಟು ಬೀಳೋದೇ ಮೂಲೆಗೆ. ಇವಳ ಕೈ ಸ್ವಲ್ಪ ಜಾರುತ್ತೆ" ಎಂದರು.

ನನ್ನ ಕೈ ಜಾರುವುದನ್ನು ಅವರು ಯಾವಾಗ ಗಮನಿಸಿದ್ದರೋ! ಕೇಳಿ ಖುಷಿಯಾಯಿತು. ಆಮೇಲೆ ಒಂದೊಂದನ್ನೂ ಅವರೇ ನೋಡಿದರು. ಟೆಂಪರ್ಡ್ ಗ್ಲಾಸ್ ಹಾಕಿಸುವಾಗ ಅಂಚಿನಲ್ಲಿ ಗಾಳಿ ಉಳಿದಿದೆಯೆಂದು ತೆಗೆಸಿ ಬೇರೆ ಹಾಕಿಸಿದರು. ಡಬ್ಬಿಯಲ್ಲಿ ಚಾರ್ಜರ್ ಬಂದಿರಲಿಲ್ಲವಾದ್ದರಿಂದ ಕಂಪನಿಯದ್ದೇ ಬೇಕೆಂದು ಹಟ ಹಿಡಿದರು. ಕೇಬಲ್ಲನ್ನು ಬುಡದಲ್ಲಿ ಬಗ್ಗಿಸಿ ನೋಡಿದರು. ಪವರ್ ಬ್ಯಾಂಕಿನಲ್ಲಿ ದೊಡ್ಡದು ಬೇಡ ಎಂದರು. "ದಿನಾ ಬ್ಯಾಗಲ್ಲಿ ಹೊರೋಕಾಗ್ಬೇಕಲ್ಲ, ಇಲ್ದಿದ್ರೆ ಮನೇಲೇ ಬಿಟ್ ಹೋಗ್ತಾಳೆ." ಸ್ಕೂಟರಿಗೆ ಫೋನ್ ಸಿಕ್ಕಿಸುವ ಹೋಲ್ಡರನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಫೋನು ಅಲುಗದಂಥದ್ದನ್ನೇ ತೆಗೆದುಕೊಂಡರು.

ಕೊನೆಗೆ ಗಾಜಿನ ಪೆಟ್ಟಿಗೆಯೊಳಗಿದ್ದ, ಕೋಟಿನ ಗುಂಡಿಗಿಂತ ಸ್ವಲ್ಪ ದೊಡ್ಡದಾದ ಒಂದು ಬಿಳಿ ಬಿಲ್ಲೆಯನ್ನು ತೋರಿಸಿ, "ಇದೊಂದು ಟ್ಯಾಗ್ ಹಾಕಿ" ಎಂದರು. ಏನದು ಎಂದು ಕೇಳಿದೆ.

"ಕೀ ಗೊಂಚಲಿಗೆ ಹಾಕ್ಕೋ. ದಿನಾ ಬೆಳಗ್ಗೆ ಕೀ ಎಲ್ಲಿ, ಕೀ ಎಲ್ಲಿ ಅಂತ ಮನೆಯೆಲ್ಲಾ ಹುಡುಕ್ತೀಯಲ್ಲ. ಇದಿದ್ರೆ ಫೋನಲ್ಲಿ ಒತ್ತಿದ್ರೆ ಸಾಕು, ಎಲ್ಲಿದ್ರೂ ಕೂಗುತ್ತೆ."

ಮನೆಗೆ ಬಂದ ಮೇಲೆ ತಮ್ಮ ಫೋನನ್ನೂ ನನ್ನದನ್ನೂ ತೊಡೆಯ ಮೇಲಿಟ್ಟುಕೊಂಡು ಅವರೇ ಕುಳಿತು ಎಲ್ಲವನ್ನೂ ಜೋಡಿಸಿಕೊಟ್ಟರು. ನಾನು ಅವರಿಗೆ ಇಷ್ಟವೆಂದು ಅಕ್ಕಿರೊಟ್ಟಿ ತಟ್ಟಿದೆ. ಸೋಮವಾರ ಲ್ಯಾಬಿನಲ್ಲಿ ಜೊತೆಯವರಿಗೆಲ್ಲ ಕವರು ತೋರಿಸಿದೆ. ಅದು ಬೂದು ಬಣ್ಣದ ದಪ್ಪ ರಬ್ಬರಿನ ಕವರು, ತೋರಿಸಿಕೊಳ್ಳುವಂಥದ್ದೇನೂ ಅಲ್ಲ. ಆದರೂ ತೋರಿಸಿದೆ.

ಈಗ ನನ್ನ ತಂಗಿಯ ವಿಷಯ ಹೇಳಬೇಕು. ನಮ್ಮ ತವರು ಅಟ್ಟೂರು, ಬೇಸಾಯದ ಮನೆತನ. ತಂಗಿ ತನ್ನ ಜೊತೆ ಓದಿದ ಒಬ್ಬ ಮುಸ್ಲಿಂ ಹುಡುಗನನ್ನು ಮದುವೆಯಾದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವಳ ಹೆಸರು ಎತ್ತುವಂತಿರಲಿಲ್ಲ. ಮೊದಲು ಅವರಿದ್ದ ಮನೆಗೆ ಅಣ್ಣ ನಾಲ್ಕು ಜನರನ್ನು ಕಟ್ಟಿಕೊಂಡು ಹೋಗಿ ಕೂಗಾಡಿ ಬಂದಿದ್ದ. ಅದಾದ ಮೇಲೆ ಅವರು ಮನೆ ಬದಲಾಯಿಸಿದರು. ಎಲ್ಲಿಗೆ ಹೋದರೆಂದು ಯಾರಿಗೂ ತಿಳಿಯಲಿಲ್ಲ. ಅಪ್ಪ ತೀರಿಕೊಂಡಾಗಲೂ ಅವಳಿಗೆ ಹೇಳಿ ಕಳಿಸಲಿಲ್ಲ.

ಅವಳು ನನಗೆ ಮತ್ತೆ ಸಿಕ್ಕಿದ್ದು, ಈ ಫೋನು ಕೊಳ್ಳುವುದಕ್ಕೂ ಬಹಳ ಮೊದಲು, ನಮ್ಮ ಲ್ಯಾಬಿನಲ್ಲೇ. ಬೆಳಗಿನ ನೂಕುನುಗ್ಗಲಿನಲ್ಲಿ ಮುಖ ನೋಡದೆ ಒಬ್ಬ ಬಸುರಿಯ ತೋಳಿಗೆ ಪಟ್ಟಿ ಕಟ್ಟಿ, ನರ ಹುಡುಕುತ್ತಿದ್ದೆ. "ಅಕ್ಕ, ನಿಧಾನಕ್ಕೆ ಚುಚ್ಚು" ಎಂದಳು. ಸೂಜಿ ಕೆಳಗಿಟ್ಟುಬಿಟ್ಟೆ. ಅವತ್ತು ಅವಳ ರಕ್ತ ತೆಗೆದದ್ದು ಪಕ್ಕದ ಹುಡುಗಿ.

ಅವರು ಕೋಗಿಲಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು. ಅವಳ ಗಂಡನದು ಅಲ್ಯೂಮಿನಿಯಂ ಕಿಟಕಿ ಕೂರಿಸುವ ಕೆಲಸ. ವಿಳಾಸ ಕೊಡುವಾಗ ತಂಗಿ ನನ್ನ ಕೈ ಹಿಡಿದು, "ಯಾರಿಗೂ ಹೇಳ್ಬೇಡ ಅಕ್ಕ. ಭಾವನಿಗೂ" ಎಂದಿದ್ದಳು. ನಾನು ಹೇಳಲಿಲ್ಲ. ಗುರುವಾರ ಕೆಲಸ ಬೇಗ ಮುಗಿಯುತ್ತಿತ್ತು. ಬಳ್ಳಾರಿ ರಸ್ತೆಯಲ್ಲಿ ಬರುತ್ತ ಕೋಗಿಲು ಕ್ರಾಸಿನಲ್ಲಿ ತಿರುಗಿ, ಒಂದು ಗಂಟೆ ಅವಳ ಮನೆಯಲ್ಲಿದ್ದು, ಮಗು ಹುಟ್ಟಿದ ಮೇಲೆ ಅದನ್ನು ಆಡಿಸಿ ಬರುತ್ತಿದ್ದೆ. ಮನೆಯಲ್ಲಿ ಲ್ಯಾಬಿನಲ್ಲಿ ಕೆಲಸವಿತ್ತು ಎನ್ನುತ್ತಿದ್ದೆ.

ಟ್ಯಾಗ್ ಹಾಕಿಕೊಂಡ ಮೇಲೆ ಕೀ ಕಳೆಯಲೂ ಇಲ್ಲ, ಅದನ್ನು ಕೂಗಿಸಿ ನೋಡುವ ಅಗತ್ಯವೂ ಬರಲಿಲ್ಲ; ಕೆಲವು ಗುರುವಾರ ಏನೂ ಆಗಲಿಲ್ಲ. ಒಂದು ದಿನ ತಂಗಿಯ ಮನೆಯಲ್ಲಿ ಫೋನನ್ನು ಚಾರ್ಜಿಗೆ ಹಾಕಿದ್ದೆ. ನನ್ನನ್ನು ಅಕ್ಕನೆಂದೇ ಕರೆಯುವ ಅವಳ ಗಂಡ ಅದರತ್ತ ನೋಡಿ, "ಆಪಾ, ನಿಮ್ ಫೋನಲ್ಲಿ ಏನೋ ಬಂದಿದೆ ನೋಡಿ" ಎಂದ. ಯಾವುದೋ ಅಪರಿಚಿತ ಟ್ಯಾಗ್ ನಿಮ್ಮ ಜೊತೆಯಲ್ಲೇ ಓಡಾಡುತ್ತಿದೆ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಸದ್ದು ಮಾಡಿಸುವ ಗುಂಡಿಯಿತ್ತು. ಒತ್ತಿದೆ. ಫ್ರಿಜ್ಜಿನ ಮೇಲಿಟ್ಟಿದ್ದ ನನ್ನ ಕೀ ಗೊಂಚಲು ಚಿಲಿಪಿಲಿ ಎಂದಿತು. ಮಗು ಹಕ್ಕಿ ಬಂತೆಂದು ಕಿಟಕಿಯತ್ತ ತಿರುಗಿತು. ನಾವೆಲ್ಲ ನಕ್ಕೆವು.

"ಇದು ನಂದೇ ಕಣಪ್ಪ, ನಮ್ ಮನೆಯವ್ರು ಕೊಡಿಸಿದ್ದು. ಅಪರಿಚಿತ ಅಂತೆ!" ಎಂದೆ.

ತಂಗಿಯ ಗಂಡ ಮಾತ್ರ, "ನಿಮ್ದೇ ಆದ್ರೆ ಹಂಗೆ ಬರಬಾರ್ದಲ್ವಾ ಆಪಾ? ಒಂದ್ಸಲ ಅಂಗಡೀಲಿ ತೋರ್ಸಿ" ಎಂದ. ಆಯಿತು ಎಂದೆ. ತೋರಿಸುವ ಆತುರವೇನೂ ನನಗಿರಲಿಲ್ಲ.

ಅದೇ ಭಾನುವಾರ ಮಧ್ಯಾಹ್ನ ತಂಗಿಯ ಫೋನು ಬಂತು. "ಅಣ್ಣ ಬಂದಿದ್ದ" ಎಂದಳು. "ಎಲ್ಲಿಗೆ?" ಎಂದೆ.

"ಸೀದಾ ನಮ್ ಬೀದಿಗೇ ಬಂದು, ಮೂಲೆ ಅಂಗಡೀಲಿ ನನ್ ಹೆಸರು ಹೇಳಿ ಮನೆ ಯಾವ್ದು ಅಂತ ಕೇಳಿದ್ನಂತೆ. ಜೊತೇಲಿ ಇನ್ನಿಬ್ರು. ಸ್ವೀಟ್ ಬಾಕ್ಸ್ ತಂದಿದ್ದ. ‘ಆಗಿದ್ದಾಯ್ತು ಬಿಡವ್ವ, ಇಂಗೆ ಎಷ್ಟ್ ದಿನ ದೂರ ಇರೋದು’ ಅಂದ. ನಾನು ನಂಬಿದೆ ಅಕ್ಕ, ಒಂದು ನಿಮಿಷ ನಂಬಿದೆ. ಟೀ ಮಾಡ್ಕೊಟ್ಟೆ. ಮುಟ್ಟಲಿಲ್ಲ. ಆಮೇಲೆ ಜಮೀನಿನ ಮಾತು ತೆಗ್ದ."

ಅಟ್ಟೂರಿನ ನಮ್ಮ ಜಮೀನನ್ನು ಬಿಲ್ಡರಿಗೆ ಕೊಡುವ ಮಾತುಕತೆ ನಡೆಯುತ್ತಿದ್ದದ್ದು ನನಗೆ ಗೊತ್ತಿತ್ತು. ಹೆಣ್ಣುಮಕ್ಕಳು ನಮಗೆ ಭಾಗ ಬೇಡವೆಂದು ಬರೆದುಕೊಡಬೇಕಿತ್ತು. ನಾನು ಒಪ್ಪಿದ್ದೆ. ತಂಗಿ ಸಿಗದೆ ಕೆಲಸ ನಿಂತಿತ್ತು.

"ನಿನ್ ಒಬ್ಬಳಿಗೇ ಹೇಳಿದ್ದೆ ಅಕ್ಕ" ಎಂದು ತಂಗಿ ಫೋನಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ಅಣ್ಣ ನನ್ನನ್ನು ಹಿಂಬಾಲಿಸಿದನೇ, ಲ್ಯಾಬಿನಲ್ಲಿ ಯಾರಾದರೂ ಹೇಳಿದರೇ ಎಂದು ತಲೆ ಕೆಡಿಸಿಕೊಂಡೆ. ಮಾರನೇ ದಿನ ಬೆಳಿಗ್ಗೆ ಸ್ಕೂಟರಿಗೆ ಕೀ ಹಾಕುವಾಗ ತಂಗಿಯ ಗಂಡ ಹೇಳಿದ ಮಾತು ನೆನಪಾಯಿತು. ಲ್ಯಾಬಿನಲ್ಲಿ ಅರ್ಧ ದಿನ ರಜ ಹೇಳಿ ಆರ್.ಟಿ. ನಗರದ ಅದೇ ಅಂಗಡಿಗೆ ಹೋದೆ. ಅಂಗಡಿಯವರು ಟ್ಯಾಗನ್ನು ನನ್ನ ಫೋನಿನ ಹಿಂಬದಿಗೆ ತಾಗಿಸಿ ಹಿಡಿದು ಪರದೆ ನೋಡಿದರು.

"ಮೇಡಂ, ಇದು ನಿಮ್ ಫೋನಿಗೆ ಸೇರೇ ಇಲ್ಲ. ಬೇರೆಯವ್ರ ಫೋನಲ್ಲಿ ರಿಜಿಸ್ಟರ್ ಆಗಿದೆ. ಇದೆಲ್ಲಿದ್ರೂ ಅವ್ರಿಗೆ ಮ್ಯಾಪಲ್ಲಿ ಕಾಣುತ್ತೆ."

"ಯಾರ ಫೋನು?"

"ನಂಬರಿನ ಕೊನೇ ಅಂಕಿಗಳು ಮಾತ್ರ ತೋರ್ಸುತ್ತೆ" ಎಂದು ಫೋನನ್ನು ನನ್ನ ಕಡೆ ತಿರುಗಿಸಿದರು. ನೋಡಿದೆ. ನಾನು ದಿನಾ ಊಟವಾಯ್ತಾ ಎಂದು ಕೇಳುವ ನಂಬರು.

ಅಂಗಡಿಯವರಿಗೆ ನನ್ನ ಮುಖ ನೋಡಿಯೇ ತಿಳಿಯಿತೇನೋ, ಒಂದು ಸ್ಟೂಲು ಎಳೆದು ಕೊಟ್ಟರು. ಕುಳಿತೆ. ಎದುರಿಗೆ ಗೋಡೆಯ ಮೇಲೆ ಅವೇ ಕವರುಗಳು. ಇದೇ ಜಾಗದಲ್ಲಿ ನಿಂತು ಅವರು ಗ್ಲಾಸಿನ ಅಂಚಿನ ಗಾಳಿಯನ್ನು ಹುಡುಕಿದ್ದರು, ನಾನು ಅವರ ಕೈಯನ್ನೇ ನೋಡುತ್ತ ನಿಂತಿದ್ದೆ. ಇವೆಲ್ಲವನ್ನೂ ಈ ಒಂದು ಬಿಲ್ಲೆಗೋಸ್ಕರ ಕೊಡಿಸಿದರೇ? ಅಥವಾ ಕವರು ಆರಿಸುವಾಗಲಾದರೂ ಮನಸ್ಸಿನಲ್ಲಿ ನಾನಿದ್ದೆನೇ? ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಿಲ್ಲ. ಕೇಳಿದರೂ ಬರುವ ಉತ್ತರವನ್ನು ನಂಬಲಾರೆ.

ಸಂಜೆ ಅವರು ಮನೆಗೆ ಬಂದು ಕಾಲು ತೊಳೆದು ಕುಳಿತ ಮೇಲೆ ಟ್ಯಾಗನ್ನು ಟೀಪಾಯಿಯ ಮೇಲಿಟ್ಟೆ. "ಅಣ್ಣನಿಗೆ ತಂಗಿ ಮನೆ ತೋರ್ಸಿದ್ದು ನೀವಾ?" ಎಂದೆ.

ಅವರು ಬೆಚ್ಚಲೂ ಇಲ್ಲ. "ನಾನೇನ್ ಬೇರೆ ಹೆಂಗಸಿನ ಹಿಂದೆ ಹೋದ್ನಾ? ಕುಡಿದು ಬಂದ್ನಾ? ಯಾಕಿಷ್ಟು ದೊಡ್ಡದು ಮಾಡ್ತೀಯ?" ಎಂದರು.

"ನನಗೆ ಗೊತ್ತಾಗದ ಹಾಗೆ ನನ್ನ ಹಿಂದೆ ಬಿದ್ರಲ್ಲ."

"ನೀನು ಪ್ರತಿ ಗುರುವಾರ ಲ್ಯಾಬಲ್ಲಿ ಕೆಲಸ ಅಂತ ಸುಳ್ ಹೇಳ್ಲಿಲ್ವಾ? ಒಂದಿನ ಲ್ಯಾಬಿಗೆ ಫೋನ್ ಮಾಡಿದ್ರೆ ಆಗ್ಲೇ ಹೊರಟ್ರು ಅಂದ್ರು, ತಂಗಿ ಹತ್ರಾನೇ ಹೋಗ್ತೀಯ ಅಂತ ಅವತ್ತೇ ಅನ್ಕೊಂಡೆ."

ಹೇಳಿದ್ದೆ ನಿಜ. ಅವರ ದನಿ ಮೆತ್ತಗಾಯಿತು.

"ನೋಡು, ಅವಳ ಸಹಿ ಆಗ್ಲಿಲ್ಲ ಅಂದ್ರೆ ಬಿಲ್ಡಿಂಗ್ ಏಳಲ್ಲ. ಎದ್ರೆ ನಮಗೊಂದು ಫ್ಲ್ಯಾಟ್ ಕೊಡ್ತೀನಿ ಅಂದಿದ್ದಾನೆ ನಿಮ್ಮಣ್ಣ. ನಿನ್ ಹೆಸರಲ್ಲೇ. ಬಾಡಿಗೆ ಮನೇಲಿ ಎಷ್ಟು ವರ್ಷ ಇರ್ತೀಯ? ನಿನಗೋಸ್ಕರಾನೇ ಮಾಡಿದ್ದು."

"ನನ್ನನ್ನೇ ಕೇಳಬಹುದಿತ್ತಲ್ಲ."

"ಕೇಳಿದ್ರೆ ಹೇಳ್ತಿದ್ಯಾ?"

ಇಲ್ಲ, ಹೇಳುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಎಲ್ಲ ಗೊತ್ತಿದ್ದೇ ಆ ಶನಿವಾರ ಗೇಟಿನ ಬಳಿ ಕಾಯುತ್ತ ನಿಂತು, ನನ್ನನ್ನು ನೋಡಿ ನಕ್ಕಿದ್ದರು.

ಭಾಗ ಬಿಟ್ಟುಕೊಡುವ ಪತ್ರದ ನೋಂದಣಿಯ ದಿನ ನಾವೆಲ್ಲ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸೇರಿದೆವು. ತಂಗಿ ಗಂಡನ ಜೊತೆ ಬಂದಳು. ಅಣ್ಣ ಇನ್ನೊಮ್ಮೆ ಮನೆಗೆ ಬರಬಾರದೆಂದೇ ಅವಳು ಒಪ್ಪಿದ್ದು. ಬೆಂಚಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ನಿಂತೇ ಇದ್ದಳು. ನಾನು ಹತ್ತಿರ ಹೋಗಿ ಟ್ಯಾಗಿನ ವಿಷಯ ಹೇಳಲು ಹೊರಟರೆ, "ಆಮೇಲ್ ಮಾತಾಡೋಣ ಅಕ್ಕ" ಎಂದು ಮುಖ ತಿರುಗಿಸಿದಳು. ಅವಳನ್ನು ಕರೆದಾಗ ಕ್ಯಾಮೆರಾ ಮುಂದೆ ಕುಳಿತು, ಹೆಬ್ಬೆಟ್ಟು ಒತ್ತಿ, ಸಹಿ ಹಾಕಿ ಎದ್ದಳು. ಏನನ್ನೂ ಓದಲಿಲ್ಲ.

ಮುಂದಿನ ಸರದಿ ನನ್ನದು. ಕುರ್ಚಿಯಲ್ಲಿ ಕುಳಿತೆ. ಹಿಂದೆ ಅಣ್ಣ, ಅವನ ಪಕ್ಕದಲ್ಲಿ ನನ್ನ ಗಂಡ. ಬೆರಳು ಇಡಿ ಎಂದರು ಕೌಂಟರಿನವರು.

"ನಾನ್ ಇಡಲ್ಲ" ಎಂದೆ. ಮೊದಲೇ ತೀರ್ಮಾನ ಮಾಡಿಕೊಂಡು ಹೋಗಿರಲಿಲ್ಲ. ಆ ಕುರ್ಚಿಯಲ್ಲಿ ಕುಳಿತಾಗ ಬಾಯಿಗೆ ಬಂದ ಮಾತು.

ಅಣ್ಣ ಬಗ್ಗಿ ನನ್ನ ಕಿವಿಯ ಹತ್ತಿರ, "ಏನವ್ವ ಇಂಗಂತೀಯ? ಒಪ್ಕೊಂಡಿದ್ಯಲ್ಲ! ನಾಕ್ ಜನದ ಮುಂದೆ ಮರ್ವಾದೆ ತೆಗೀತೀಯಾ?" ಎಂದ.

"ನನ್ ಕೇಳ್ದೇನೇ ಎಲ್ಲಾ ಮಾಡ್ದೋರು ಇದನ್ನೂ ನನ್ ಕೇಳ್ದೇನೇ ಮಾಡ್ಕೊಳಿ" ಎಂದು ಎದ್ದೆ. ನನ್ನ ಗಂಡ ಸುತ್ತ ಜನರನ್ನು ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವತ್ತು ಮೊದಲ ಸಲ ತಂಗಿ ನನ್ನನ್ನು ನೇರವಾಗಿ ನೋಡಿದಳು. ಆದರೆ ನಿಲ್ಲಲಿಲ್ಲ. ಗಂಡನ ಜೊತೆ ಮೆಟ್ಟಿಲಿಳಿದು ಹೋದಳು.

ಪತ್ರ ಇವತ್ತಿಗೂ ಹಾಗೇ ನಿಂತಿದೆ. ತವರಿನ ಕಡೆಯವರು ಹಬ್ಬಕ್ಕೂ ನನ್ನನ್ನು ಕರೆಯುವುದಿಲ್ಲ. ನಾನೂ ನನ್ನ ಗಂಡನೂ ಅದೇ ಮನೆಯಲ್ಲಿದ್ದೇವೆ. ಬೇಕಾದಷ್ಟು ಮಾತಾಡುತ್ತೇವೆ. ಬಿಟ್ಟು ಹೋಗಬೇಕೆಂದು ಅನ್ನಿಸಿದ್ದುಂಟು, ಹೋಗಲಿಲ್ಲ. ಹಿಂದಿನಂತೆ ಇರಲೂ ಆಗಲಿಲ್ಲ. ಈಚೆಗೆ ಅವರು ಏನಾದರೂ ತಂದುಕೊಟ್ಟರೆ, ಒಂದು ಮೊಳ ಹೂವೇ ಆಗಲಿ, ಯಾಕೆ ತಂದರೆಂದು ನನ್ನ ತಲೆ ತಾನಾಗಿ ಲೆಕ್ಕ ಹಾಕತೊಡಗುತ್ತದೆ. ಅದು ನನಗೇ ಹೇಸಿಗೆ.

ಮಳೆಗಾಲ ಶುರುವಾದ ಮೇಲೆ ಹೊಸ ನಂಬರಿನಿಂದ ತಂಗಿ ಫೋನ್ ಮಾಡಿದಳು. ಕೀ ಗೊಂಚಲು ಕೂಗಿದ ದಿನವನ್ನು ಅವಳ ಗಂಡ ಮರೆತಿರಲಿಲ್ಲ. ನಡೆದದ್ದನ್ನೆಲ್ಲ ಅವನೇ ಕೂಡಿಸಿ ಅವಳಿಗೆ ಹೇಳಿದ್ದ.

"ನೀನು ಹೇಳಿಲ್ಲ ಅಂತ ಗೊತ್ತಾಯ್ತು ಅಕ್ಕ. ನಿನ್ ಮೇಲೆ ಕೋಪ ಇಲ್ಲ" ಎಂದಳು. ನಾನು ಅಳುತ್ತಿರುವಾಗಲೇ, "ನಾವು ಮನೆ ಬದ್ಲಾಯಿಸಿದೀವಿ. ಎಲ್ಲಿ ಅಂತ ಕೇಳ್ಬೇಡ. ನೀನ್ ಬಂದ್ರೆ ನಿನ್ ಮನೇಲಿ ಇರೋರೂ ನಿನ್ ಜೊತೆಗೇ ಬರ್ತಾರೆ" ಎಂದಳು.

ಈಗ ತಿಂಗಳಿಗೊಮ್ಮೆ ಯಲಹಂಕ ಕೆರೆಯ ಬಳಿ ಸಿಗುತ್ತೇವೆ. ಅವಳು ಮಗುವನ್ನು ಕರೆತರುತ್ತಾಳೆ. ನಾನು ಮನೆಯಿಂದ ಕೋಡುಬಳೆ ತರುತ್ತೇನೆ. ಮಗು ಈಗ ಮಾತಾಡುತ್ತದೆ. ಒಮ್ಮೆ ತನ್ನ ಶಿಶುವಿಹಾರದ ಹೆಸರು ಹೇಳಲು ಹೊರಟಿತು. ತಂಗಿ ಅದರ ಬಾಯಿಗೆ ಕೋಡುಬಳೆ ಇಟ್ಟಳು. ನಾನು ನೀರಿನ ಕಡೆ ನೋಡಿದೆ.

ಸಂಜೆಯಾಗುತ್ತ ಬಂದರೆ ನಾನೇ ಮೊದಲು ಏಳುತ್ತೇನೆ. ಅವಳು ಯಾವ ಬಸ್ ಹತ್ತುತ್ತಾಳೆಂದು ನನಗೆ ಕಾಣಬಾರದಲ್ಲ, ಅದಕ್ಕೆ.